ಮೊದಲು ಸಹಿ, ಆಮೇಲೆ ಮಾತು

"ಇದ್ರಲ್ಲಿ ನಿಮಗೆಷ್ಟು ಸಿಗತ್ತೆ?"

ಕುರ್ಚಿ ಎಳೆದುಕೊಂಡು ಕೂರುವುದಕ್ಕೂ ಮೊದಲೇ ಅವಳು ಕೇಳಿದ ಪ್ರಶ್ನೆ ಅದು. ಕುಶಲವಿಲ್ಲ, ಪೀಠಿಕೆಯಿಲ್ಲ. ಹೆಗಲ ಚೀಲವನ್ನು ಎರಡೂ ಕೈಯಿಂದ ಎದೆಗವಚಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದಳು. ಯಾವ ಗಳಿಗೆಯಲ್ಲಾದರೂ ಓಡಿಹೋಗಲು ತಯಾರಾದವಳ ಹಾಗೆ!

ಮೇಜಿನ ಆಚೆ ಕೂತಿದ್ದ ಮ್ಯೂಚುವಲ್ ಫಂಡ್ ಏಜೆಂಟ್ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದವನು ಅದನ್ನು ಮತ್ತೆ ಹಾಕಿಟ್ಟ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಕೀಲಿಕೈ ಮಾಡುವ ಅಂಗಡಿಯ ಮೇಲಿನ ಆ ಸಣ್ಣ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದ. ಬಂದವರೆಲ್ಲ ತಮಗೆಷ್ಟು ಸಿಗುತ್ತದೆ ಎಂದು ಕೇಳಿದ್ದರೇ ಹೊರತು ಅವನಿಗೆಷ್ಟು ಎಂದು ಒಬ್ಬರೂ ಕೇಳಿರಲಿಲ್ಲ.

"ನಿಮ್ಮ ಹಣ ನೂರು ರೂಪಾಯಿ ಇದ್ರೆ, ವರ್ಷಕ್ಕೆ ಮುಕ್ಕಾಲು ರೂಪಾಯಿ," ಎಂದ. "ನೀವು ಇಟ್ಟಿರೋವರೆಗೂ ಪ್ರತಿ ವರ್ಷ. ಫಂಡ್ ಕಂಪನಿಯವರು ನನಗೆ ಕೊಡ್ತಾರೆ. ಆದ್ರೆ ಅವರು ಕೊಡೋದೂ ನಿಮ್ಮ ಹಣದಿಂದಾನೇ."

ಅವಳು ದಂಗಾದಳು. ಏಜೆಂಟ್ ಎಂಬ ಜಾತಿಯವನು ಹೀಗೆ ಪಟ್ಟನೆ ನಿಜ ಹೇಳಿದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

"ಏಜೆಂಟೇ ಬೇಡ ಅಂದ್ರೆ?"

"ಡೈರೆಕ್ಟ್ ಅಂತ ಇದೆ. ನೀವೇ ನೇರವಾಗಿ ಹಾಕ್ಬಹುದು. ಅದ್ರಲ್ಲಿ ನನಗೆ ಬಿಡಿಗಾಸೂ ಇಲ್ಲ. ಆದ್ರೆ ಯೋಚನೆ ಮಾಡೋದು, ಫಾರಂ ತುಂಬೋದು, ಮಾರ್ಕೆಟ್ ಬಿದ್ದಾಗ ಹೆದರಿಕೊಳ್ಳೋದು... ಎಲ್ಲಾ ನೀವೊಬ್ಬರೇ."

ಅವಳು ಒಂದು ನಿಮಿಷ ಯೋಚಿಸಿದಳು. ನಂತರ ಕುರ್ಚಿಯ ತುದಿಯಲ್ಲಿ ಕೂತಳು.

"ಏಜೆಂಟ್ ಇರ್ಲಿ. ಕೆಟ್ಟರೆ ಬೈಯೋಕಾದ್ರೂ ಒಬ್ಬರು ಬೇಕು."

ಅವನು ನಗಲಿಲ್ಲ. ಆದರೆ ತುಟಿಯ ಒಂದು ತುದಿ ಸ್ವಲ್ಪ ಅಲುಗಿದ್ದು ಅವಳಿಗೆ ಕಂಡಿತು. 'ಇವನು ಮಹಾ ಪಾಕಡಾ! ಸುಳ್ಳು ಹೇಳೋ ಕಳ್ಳನನ್ನ ಹಿಡೀಬಹುದು... ನಿಜ ಹೇಳೋ ಕಳ್ಳನನ್ನ ಹಿಡಿಯೋದು ಹೇಗೆ?' ಎಂದುಕೊಂಡಳು.

ಅವಳ ಅನುಮಾನ ಹುಟ್ಟುಗುಣವಲ್ಲ, ಕೊಂಡು ತಂದದ್ದು. ಅದಕ್ಕೆ ಬೆಲೆ ತೆತ್ತವರು ಅವಳ ಅಪ್ಪ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಮೂವತ್ತೈದು ವರ್ಷ ಗ್ರೀಸು ಮೆತ್ತಿಕೊಂಡು ದುಡಿದು, ನಿವೃತ್ತಿಯ ದಿನ ಬಂದ ಇಡಿಗಂಟನ್ನು ಪಕ್ಕದ ಮನೆಯವನ ಕೈಗಿಟ್ಟರು. ಆತನನ್ನು ಇವಳು 'ಮಾಮ' ಎಂದೇ ಕರೆಯುತ್ತಿದ್ದಳು. ಆ ಮಾಮ ಮೂರು ವರ್ಷದಲ್ಲಿ ಆರು ಸಲ ಬಂದ. "ಭಾವಾ, ಈ ಯೋಜನೆ ಹಳೇದಾಯ್ತು, ಎಲ್ಲಾ ತೆಗೆದು ಇನ್ನೊಂದಕ್ಕೆ ಹಾಕೋಣ. ಮೊದಲು ಇಲ್ಲೊಂದು ಸಹಿ ಹಾಕಿ, ಆಮೇಲೆ ಮಾತಾಡೋಣ," ಎನ್ನುತ್ತಿದ್ದ. ಪ್ರತಿ ವರ್ಗಾವಣೆಗೂ ಅವನಿಗೆ ಕಮಿಷನ್, ಅಪ್ಪನಿಗೆ ನಷ್ಟ. ಕೊನೆಯ ಸಲದ ಯೋಜನೆ ಮುಳುಗಿಯೇ ಹೋಯಿತು, ಮಾಮನೂ ಮನೆ ಖಾಲಿ ಮಾಡಿದ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಅಪ್ಪ ಒಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಬಂದವರ ಚೀಲ ಎಣಿಸಿ ಚೀಟಿ ಕೊಡುತ್ತಿದ್ದರು. ಸಾಯುವ ಹಿಂದಿನ ವಾರದವರೆಗೂ!

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಅವಳು ನೀರನ್ನೂ ಊದಿ ಕುಡಿಯುವವಳಾದಳು.

ಅವಳದು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ಯಾರದೋ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಡೆದು, ಹಲ್ಲು ಜೋಡಿಸುವುದು. ಒಂದು ಕೂದಲೆಳೆಯಷ್ಟು ಎತ್ತರ ತಪ್ಪಿದರೂ ಮುದುಕರ ದವಡೆ ನೋಯುತ್ತದೆಂದು ಭೂತಗನ್ನಡಿ ಹಿಡಿದೇ ಕೆಲಸ ಮಾಡುತ್ತಿದ್ದಳು. ಅದೇ ಭೂತಗನ್ನಡಿ ಚೀಲ ಸೇರಿ ಬ್ಯಾಂಕಿಗೂ ಅಂಗಡಿಗೂ ಹೋಗುತ್ತಿತ್ತು. ಕಾಗದದ ಕೊನೆಯ ಇರುವೆ ಸಾಲಿನಂಥ ಅಕ್ಷರವನ್ನೂ ಓದದೆ ಅವಳು ಎಲ್ಲೂ ಸಹಿ ಹಾಕಿದವಳಲ್ಲ. ಹಾಗಾಗಿ ಲ್ಯಾಬಿನವರು ಅವಳಿಗಿಟ್ಟ ಹೆಸರೇ 'ಭೂತಗನ್ನಡಿ'.

ಲ್ಯಾಬಿನಲ್ಲಿ ಪಿಂಚಣಿ ಇಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ. ಮನೆಯಲ್ಲಿ ಅಪ್ಪನ ಅಕ್ಕ, ಅಂದರೆ ಅವಳ ಅತ್ತೆ, ಒಬ್ಬರೇ. ಮೂವತ್ತಾರು ತುಂಬಿದ ದಿನ ಅವಳು ನಿರ್ಧಾರ ಮಾಡಿದ್ದಳು. ತಾನು ಮಾತ್ರ ಯಾವ ಅಂಗಡಿಯ ಬಾಗಿಲಲ್ಲೂ ಸ್ಟೂಲಿನ ಮೇಲೆ ಕೂರಬಾರದು.

ಹೀಗೆ ಶುರುವಾಯಿತು ತಿಂಗಳ ಕಂತು. ಅದರ ಜೊತೆಗೆ ಮೂರು ತಿಂಗಳಿಗೊಮ್ಮೆ ಕೀಲಿಕೈ ಅಂಗಡಿಯ ಮೇಲಿನ ವಿಚಾರಣೆ!

"ಹೋದ ಸಲ ಎಂಟು ಪರ್ಸೆಂಟ್ ಅಂದ್ರಿ, ಇಲ್ಲಿ ಏಳೂವರೆ ಅಂತಿದೆ."

"ಹೋದ ಸಲ ಎಂಟೇ ಇತ್ತು. ಈಗ ಇಳಿದಿದೆ."

"ಇಳಿದಾಗ ಯಾಕೆ ಹೇಳಲಿಲ್ಲ?"

"ನಾಳೆ ಏರಬಹುದು. ಏರಿದಾಗ್ಲೂ ಹೇಳಲ್ಲ. ನಿಮಗೆ ಈ ಹಣ ಬೇಕಿರೋದು ಇಪ್ಪತ್ತು ವರ್ಷ ಆದ್ಮೇಲೆ. ದಿನಾ ಹೇಳಿದ್ರೆ ನಿದ್ದೆ ಕೆಡೋದು ನಿಮ್ಮದೇ."

ಮೊಸರಲ್ಲಿ ಕಲ್ಲು ಹುಡುಕುವುದು ಎಂದರೆ ಅದೇ. ಆದರೆ ಎಷ್ಟು ಕಲಕಿದರೂ ಕಲ್ಲು ಸಿಗಲಿಲ್ಲ. ಸಿಗದಿದ್ದುದೇ ಅವಳಿಗೆ ಇನ್ನಷ್ಟು ಅನುಮಾನ.

ಒಂದು ಸಲ ಮಾರ್ಕೆಟ್ ದಬಾರನೆ ಬಿತ್ತು. ನಾಲ್ಕೇ ದಿನದಲ್ಲಿ ಅವಳ ಉಳಿತಾಯದ ಕಾಲು ಭಾಗ ಕರಗಿಹೋಗಿತ್ತು. ಐದನೇ ದಿನ ಅವನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಅವಳ ಕೈಗೆ ಮೊಣಕೈವರೆಗೂ ಅಚ್ಚಿನ ಪ್ಲಾಸ್ಟರ್ ಮೆತ್ತಿತ್ತು.

"ಎಲ್ಲರೂ ಫೋನ್ ಮಾಡಿ ಬೈದ್ರು. ನೀವೊಬ್ಬರೇ ಮಾಡಲಿಲ್ಲ," ಎಂದ. "ಅದಕ್ಕೇ ಬಂದೆ."

'ಏನೋ ಮುಚ್ಚಿಡೋಕೆ ಬಂದಿದಾನೆ!' ಎಂದುಕೊಂಡಳು ಅವಳು. "ಎಲ್ಲಾ ವಾಪಸ್ ತೆಗೀಬೇಕು ನಾನು. ಇವತ್ತೇ!"

ಅವನು ವಾದ ಮಾಡಲಿಲ್ಲ. ಚೀಲದಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟ.

"ತೆಗೀರಿ, ನಿಮ್ಮ ಹಣ. ಒಂದೇ ಮಾತು. ಇವತ್ತು ಸಹಿ ಹಾಕಬೇಡಿ. ನಾಳೆ ಬೆಳಿಗ್ಗೆ ಕಾಫಿ ಕುಡಿದು ಹಾಕಿ."

ಮರುದಿನ ಕಾಫಿ ಕುಡಿದಳು. ಸಹಿ ಹಾಕಲಿಲ್ಲ. ಒಂದೂವರೆ ವರ್ಷದಲ್ಲಿ ಕರಗಿದ್ದೆಲ್ಲ ಬಂದು, ಮೇಲಿಷ್ಟು ಸೇರಿತು. ಆದರೆ ಅವಳ ನೆನಪಿನಲ್ಲಿ ಉಳಿದದ್ದು ಅದಲ್ಲ. ಆ ದಿನ ಹೊರಡುವಾಗ ಅವನು ಮೇಜಿನ ಮೇಲಿದ್ದ ಹಲ್ಲಿನ ಸೆಟ್ ನೋಡಿ, "ಇದನ್ನ ಹಾಕ್ಕೊಂಡೋರು ನಗ್ತಾರಲ್ಲ, ಅದು ನೀವು ಮಾಡಿದ ನಗು," ಎಂದಿದ್ದ. ಹದಿಮೂರು ವರ್ಷದ ಕೆಲಸದಲ್ಲಿ ಅವಳಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

ಅಂದಿನಿಂದ ಮೂರು ತಿಂಗಳ ಭೇಟಿಗೆ ಇನ್ನೂ ಎರಡು ವಾರ ಇರುವಾಗಲೇ ಅವಳು ಪ್ರಶ್ನೆ ಬರೆದಿಡತೊಡಗಿದಳು. ಒಂದು ಹಾಳೆ ಎರಡಾಯಿತು, ಎರಡು ನಾಲ್ಕಾಯಿತು.

"ಅಷ್ಟೊಂದು ಅನುಮಾನಾನಾ, ಇಲ್ಲಾ ಅಷ್ಟು ಹೊತ್ತು ಕೂರೋಕೆ ನೆಪಾನಾ?" ಎಂದು ಅತ್ತೆ ಕೇಳಿದರು.

"ಅತ್ತೇ! ಹಣದ ವಿಷಯ ಅದು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯ? ನಾನೇನಂದೆ ಈಗ?"

ಅವಳು ಮುಖ ತಿರುಗಿಸಿಕೊಂಡಳು. ಕಿವಿ ಬಿಸಿಯಾಗಿತ್ತು.

ಹೀಗೆ ಮೂರು ವರ್ಷ.

ಒಂದು ಭಾನುವಾರ ಮಧ್ಯಾಹ್ನ ಅವನು ಹೇಳದೆ ಕೇಳದೆ ಮನೆಗೇ ಬಂದ.

ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಣೆಯ ಮೇಲೆ ಬೆವರು. ಅತ್ತೆ ಕೊಟ್ಟ ನೀರಿನ ಲೋಟವನ್ನು ಕುಡಿಯದೆ ಕೈಯಲ್ಲೇ ಹಿಡಿದು ಕೂತ. ಮಾರ್ಕೆಟ್ ಬಿದ್ದಾಗಲೂ ಬೆವರದವನು!

ಅವಳ ಅನುಮಾನ ಮೈಕೊಡವಿ ಎದ್ದು ಕೂತಿತು. 'ಏನು ಮಾಡಿಕೊಂಡು ಬಂದಿದಾನೆ ಇವನು?'

ಅವನು ಒಂದು ಫಾರಂ ತೆಗೆದು ಅವಳ ಮುಂದಿಟ್ಟ. ಪೂರ್ತಿ ತುಂಬಿತ್ತು. ಅವನದೇ ಕೈಬರಹ.

"ಇದಕ್ಕೊಂದು ಸಹಿ ಬೇಕಿತ್ತು."

"ಏನಿದು?"

"ನೀವೇ ಓದಿ. ಸಹಿ ಆದ್ಮೇಲೆ ನಾನೊಂದು ವಿಷಯ ಹೇಳ್ಬೇಕು."

"ಮೊದಲು ವಿಷಯ ಹೇಳಿ."

"ಇಲ್ಲ..." ಅವನು ಪೆನ್ನನ್ನು ಅವಳ ಕಡೆಗೆ ಸರಿಸಿದ. "ಮೊದಲು ಸಹಿ. ಆಮೇಲೆ ಮಾತು."

ಅದೇ ಮಾತು! ಅಪ್ಪನ ಊಟದ ಮೇಜಿನ ಮುಂದೆ ಕೂತು ಆ ಮಾಮ ಆರು ಸಲ ಹೇಳಿದ ಮಾತು!

ಫಾರಂ ಮೇಲೆ ಕಣ್ಣು ಓಡಿಸಿದಳು. 'ವರ್ಗಾವಣೆ' ಎಂಬ ಪದ. ಪಕ್ಕದಲ್ಲಿ 'ಎಲ್ಲ ಯೂನಿಟ್‌ಗಳೂ' ಎಂಬ ಚೌಕದಲ್ಲಿ ನೀಲಿ ಶಾಯಿಯ ಗುರುತು. ಅಪ್ಪನ ಹಳೆಯ ಫೈಲಿನಲ್ಲಿ ಇಂಥ ಆರು ಕಾಗದ ಇವತ್ತಿಗೂ ಇವೆ. ಆ ಗುರುತಿನ ಮುಂದಕ್ಕೆ ಅವಳ ಕಣ್ಣು ಹೋಗಲೇ ಇಲ್ಲ. ಅಕ್ಷರಗಳೆಲ್ಲ ನೀರಲ್ಲಿ ಬಿದ್ದ ಹಾಗೆ ಕದಡಿಹೋದವು. ಚೀಲದಲ್ಲಿ ಭೂತಗನ್ನಡಿ ಇತ್ತು, ಅದನ್ನು ತೆಗೆಯುವುದೂ ಹೊಳೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ಒಂದು ಕಾಗದವನ್ನು ಅರ್ಧಕ್ಕೇ ಬಿಟ್ಟಳು.

"ಮೂರು ವರ್ಷ ಕಾದಿರಿ, ಅಲ್ವಾ?" ಅವಳು ಫಾರಂ ಕೈಗೆತ್ತಿಕೊಂಡಳು. "ಗಂಟು ದೊಡ್ಡದಾಗ್ಲಿ ಅಂತ?"

"ಏನು? ಇಲ್ಲ... ನೀವು ಪೂರ್ತಿ ಓದಿದ್ರಾ?"

"ಓದಿದೀನಿ! ನಮ್ಮಪ್ಪನ ಫೈಲಲ್ಲಿ ಆರು ಸಲ ಓದಿದೀನಿ!"

ಪರ್‍ರ್... ಫಾರಂ ಎರಡಾಯಿತು, ನಾಲ್ಕಾಯಿತು.

"ಹೊರಡಿ!"

ಅವನು ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ಅತ್ತೆಗೆ ತಲೆಬಾಗಿ, ಹೊರಟುಹೋದ. ಸಮರ್ಥನೆ ಇಲ್ಲ, ವಾದ ಇಲ್ಲ. 'ತಪ್ಪು ಮಾಡದೇ ಇದ್ದಿದ್ರೆ ಸುಮ್ಮನೆ ಹೋಗ್ತಿದ್ನಾ?' ಎಂದಿತು ಅನುಮಾನ.

ಅತ್ತೆ ಚೂರುಗಳನ್ನು ಆಯ್ದು ಒಂದು ಕವರಿಗೆ ಹಾಕಿದರು. "ಇರ್ಲಿ. ಸಿಟ್ಟಲ್ಲಿ ಹರಿದಿದ್ದನ್ನ ಸಿಟ್ಟು ಇಳಿದ ಮೇಲೆ ಒಂದ್ಸಲ ನೋಡು."

ಅವಳು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಮರುದಿನವೇ ಫಂಡ್ ಕಂಪನಿಯ ಶಾಖೆಗೆ ಹೋಗಿ ಲಿಖಿತ ದೂರು ಕೊಟ್ಟಳು. 'ನನ್ನ ನಿವೃತ್ತಿಯ ಉಳಿತಾಯವನ್ನು ಪೂರ್ತಿಯಾಗಿ ಬೇರೆಡೆಗೆ ವರ್ಗಾಯಿಸಲು ಏಜೆಂಟರು ಒತ್ತಾಯಿಸಿದರು.' ಸಾಕ್ಷಿಗೆಂದು ಆ ಕವರನ್ನು ಬಿಚ್ಚಿಯೂ ನೋಡದೆ ಲಗತ್ತಿಸಿದಳು.

ಕೆಲಸ ಮುಗಿಯಿತು. ಹಣ ಉಳಿಯಿತು. ಸಮಾಧಾನವಾಗಬೇಕಿತ್ತು...

ಆದರೆ ಅವತ್ತು ಮಾಡಿದ ಮೂರು ಸೆಟ್ ಹಲ್ಲೂ ಸೊಟ್ಟಗಾದವು. ಕಳ್ಳನೊಬ್ಬ ಸಿಕ್ಕಿಬಿದ್ದರೆ ಖುಷಿಯಾಗಬೇಕು, ತನಗೇಕೆ ಕೆಲಸ ಕೈಗೆ ಹತ್ತುತ್ತಿಲ್ಲ ಎಂದು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ ಬಿಡಿ.

ಗುರುವಾರ ಶಾಖೆಯಿಂದ ಕರೆ ಬಂತು. ವಿಚಾರಣೆ.

ಶಾಖೆಯ ಅಧಿಕಾರಿ ಐವತ್ತು ದಾಟಿದ ಹೆಂಗಸು. ಕನ್ನಡಕ ಮೂಗಿನ ತುದಿಯಲ್ಲಿ, ಮುಖದಲ್ಲಿ ಆಯಾಸ. ಮೇಜಿನ ಈಚೆ ಎರಡು ಕುರ್ಚಿ. ಒಂದರಲ್ಲಿ ಅವನು ಆಗಲೇ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳು ತನ್ನ ಕುರ್ಚಿಯನ್ನು ಒಂದು ಮೊಳ ಆಚೆ ಸರಿಸಿ ಕೂತಳು.

ಅಧಿಕಾರಿ ಚೂರುಗಳನ್ನು ಜೋಡಿಸಿ ಟೇಪು ಹಚ್ಚಿದ್ದ ಫಾರಂ ಎತ್ತಿಕೊಂಡರು.

"ಅಮ್ಮಾ, ಇದನ್ನ ನೀವು ಓದಿದೀರಾ?"

"ಓದಿದೀನಿ."

"ಪೂರ್ತಿ?"

ಅವಳು ಚೀಲವನ್ನು ಎದೆಗವಚಿಕೊಂಡಳು.

"ಇದು ವರ್ಗಾವಣೆನೇ. ಎಲ್ಲಾ ಯೂನಿಟ್ಟೂ ಹೌದು. ಆದ್ರೆ ಎಲ್ಲಿಗೆ ನೋಡಿ. ಅದೇ ಫಂಡು, ಅದೇ ಯೋಜನೆ, ಡೈರೆಕ್ಟ್. ಅಂದ್ರೆ ನಿಮ್ಮ ಹಣ ಇದ್ದಲ್ಲೇ ಇರತ್ತೆ. ನಡುವಿಂದ ಹೋಗೋದು ಏಜೆಂಟು. ಇದಕ್ಕೆ ನೀವು ಸಹಿ ಹಾಕಿದ್ರೆ ನಾಳೆಯಿಂದ ಇವರಿಗೆ ನಿಮ್ಮಿಂದ ಬಿಡಿಗಾಸೂ ಬರಲ್ಲ."

ಅವಳು ಆ ಫಾರಂ ಕಡೆ ನೋಡಿದಳು. ಟೇಪಿನ ಕೆಳಗೆ, ಗುರುತು ಹಾಕಿದ ಚೌಕದಿಂದ ಎರಡೇ ಸಾಲು ಮುಂದೆ, ಅವನ ದುಂಡು ಅಕ್ಷರದಲ್ಲಿ 'ಡೈರೆಕ್ಟ್' ಎಂದಿತ್ತು.

ಎರಡೇ ಎರಡು ಸಾಲು!

"ನೀವು ಅವತ್ತೇ ಯಾಕೆ ಹೇಳಲಿಲ್ಲ?" ಅವಳು ಅವನ ಕಡೆ ತಿರುಗಿದಳು.

"ನೀವು ಪೂರ್ತಿ ಓದ್ತೀರ ಅಂದ್ಕೊಂಡೆ," ಎಂದ ಅವನು ಮೆಲ್ಲಗೆ. "ನೀವು ಅರ್ಧಕ್ಕೆ ಬಿಡೋ ಕಾಗದನೂ ಇರತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಅಧಿಕಾರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಅನುಮಾನ ಈಗ ಮೇಜಿನ ಆ ಕಡೆಗೆ ದಾಟಿತ್ತು.

"ಇಪ್ಪತ್ತೇಳು ವರ್ಷದ ಸರ್ವಿಸ್ ನನ್ನದು. ತನ್ನ ಕೈಯಾರೆ ತನ್ನ ಕಮಿಷನ್ ಬಿಟ್ಟುಕೊಟ್ಟ ಏಜೆಂಟನ್ನ ನಾನು ನೋಡಿಲ್ಲ. ಯಾರಾದ್ರೂ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೋತಾರಾ? ಲೆಕ್ಕದಿಂದ ಹೊರಗೆ ಇವರ ಹತ್ರ ಕೈಗಾಸು ಕೇಳೋ ಯೋಚನೆನಾ?"

"ಇಲ್ಲ."

"ಮತ್ತೆ ಯಾಕೆ ತುಂಬಿದ್ರಿ ಇದನ್ನ?"

"ಸ್ವಂತ ಕಾರಣ."

"ಏನು ಕಾರಣ?"

ಅವನು ಒಮ್ಮೆ ಅವಳ ಕಡೆ ನೋಡಿ ತಲೆ ತಗ್ಗಿಸಿದ. "ಅದನ್ನ ಇಲ್ಲಿ ಹೇಳೋಕಾಗಲ್ಲ."

ಅಧಿಕಾರಿ ಕನ್ನಡಕ ತೆಗೆದಿಟ್ಟರು. "ದೂರು ಬಂದಿದೆ. ಕಾರಣ ಬರೆದುಕೊಡದೇ ಇದ್ರೆ ನಿಮ್ಮ ಏಜೆಂಟ್ ಕೋಡ್ ತಡೆಹಿಡಿಯೋದು ನನ್ನ ಕರ್ತವ್ಯ. ನಿಮ್ಮ ನೂರ ನಲವತ್ತು ಗ್ರಾಹಕರಿಗೂ ನಾಳೆ ಪತ್ರ ಹೋಗತ್ತೆ. ಆಮೇಲೆ ಯಾರೂ ನಿಮ್ಮ ಮೆಟ್ಟಿಲು ಹತ್ತಲ್ಲ. ಅರ್ಧ ಗಂಟೆ ಟೈಮ್ ಕೊಡ್ತೀನಿ, ಯೋಚನೆ ಮಾಡಿ."

ಅವನು ಎದ್ದು ಹೊರಗೆ ಹೋದ. ಅವಳು ಹಿಂದೆಯೇ ಓಡಿದಳು.

ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಪಕ್ಕ ಅವನು ನಿಂತಿದ್ದ. ಕೆಳಗೆ ರಸ್ತೆಯಲ್ಲಿ ಬಸ್ಸುಗಳ ಗದ್ದಲ.

"ನಿಮಗೇನು ತಲೆ ಕೆಟ್ಟಿದೆಯಾ?" ಅವಳು ಏದುಸಿರು ಬಿಡುತ್ತಿದ್ದಳು. "ಹದಿನಾಲ್ಕು ವರ್ಷದ ಕೆಲಸ ಹೋಗತ್ತೆ! ಹೇಳಿಬಿಡಿ ಆ ಕಾರಣ!"

"ಅವರ ಮುಂದೆ ಹೇಳಿದ್ರೆ ನಿಮಗೆ ಬಲವಂತ ಮಾಡಿದ ಹಾಗಾಗತ್ತೆ."

"ನನಗಾ? ನನಗೇನು ಬಲವಂತ?" ಒಂದು ಹೊಸ ಯೋಚನೆ ಬಂದು ಅವಳ ಮುಖ ಬಾಡಿತು. "ಓ... ಗೊತ್ತಾಯ್ತು ಬಿಡಿ. ನನ್ನ ಕಾಟ ಸಾಕಾಯ್ತು. ನಾಲ್ಕು ನಾಲ್ಕು ಹಾಳೆ ಪ್ರಶ್ನೆ ತರ್ತೀನಿ. ಹೇಗಾದ್ರೂ ತೊಲಗಲಿ ಅಂತ..."

"ಆ ಪ್ರಶ್ನೆಗಳಿಗೋಸ್ಕರ ನಾನು ಮೂರು ತಿಂಗಳು ಕಾಯ್ತೀನಿ!"

ಅವನ ಧ್ವನಿ ಅಷ್ಟು ಏರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅವನಿಗೂ ಅದೇ ಮೊದಲಿರಬೇಕು.

"ನೀವು ಗ್ರಾಹಕಿ ಆಗಿರೋವರೆಗೂ," ಅವನು ಪ್ರತಿ ಪದವನ್ನೂ ಕಷ್ಟಪಟ್ಟು ತೆಗೆದ, "ನಾನು ಏನೇ ಒಳ್ಳೇ ಮಾತು ಹೇಳಿದ್ರೂ ನೀವು ಅದರ ಹಿಂದೆ ಕಮಿಷನ್ ಹುಡುಕ್ತೀರ. ಹುಡುಕಬೇಕು ಕೂಡ. ಅದು ಸರಿ. ಅದಕ್ಕೆ... ನಿಮ್ಮಿಂದ ನನಗೆ ಒಂದು ಪೈಸೆ ಲಾಭ ಇಲ್ಲದ ಹಾಗೆ ಆಗ್ಲಿ. ಆಮೇಲೆ ಹೇಳೋಣ ಅಂದ್ಕೊಂಡೆ."

"ಏನು... ಹೇಳೋಕೆ?"

"ನಿಮ್ಮನ್ನ ಕಂಡರೆ ನನಗೆ ಇಷ್ಟ. ತುಂಬಾ ಇಷ್ಟ. ಅಷ್ಟೇ."

ಕೆಳಗಿನ ಬಸ್ಸುಗಳ ಸದ್ದು ಎಲ್ಲಿಗೋ ಹೋಯಿತು. ಅವಳು ಕಂಬಿ ಹಿಡಿದುಕೊಂಡಳು. ಸಂತೋಷವಾಗಿತ್ತು. ಎಷ್ಟು ಸಂತೋಷವೆಂದರೆ, ಅದನ್ನು ನೋಡಿಯೇ ಅವಳ ಅನುಮಾನ ಕೊನೆಯ ಸಲ ಕತ್ತಿ ಎತ್ತಿತು.

"ನನ್ನ ಹತ್ರ ಎಷ್ಟಿದೆ ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು," ಎಂದಳು. "ಹಣ ನೋಡಿ ಇಷ್ಟ ಆಗಿಲ್ಲ ಅಂತ ನಾನು ಹೇಗೆ ನಂಬಲಿ?"

ಅವನಿಗೆ ನೋವಾಗಬೇಕಿತ್ತು. ಬದಲಿಗೆ ತಲೆಯಾಡಿಸಿದ, ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿದ್ದವನ ಹಾಗೆ.

"ಅದೂ ಸರಿಯಾದ ಪ್ರಶ್ನೆ. ನಿಮ್ಮದೆಲ್ಲ ನನಗೆ ಗೊತ್ತು, ನನ್ನದೇನೂ ನಿಮಗೆ ಗೊತ್ತಿಲ್ಲ. ಅದು ನ್ಯಾಯ ಅಲ್ಲ." ಚೀಲದಿಂದ ನಾಲ್ಕು ಹಾಳೆ ತೆಗೆದು ಅವಳ ಕೈಗಿಟ್ಟ. "ಇದು ನನ್ನ ನಿವೃತ್ತಿಯ ಉಳಿತಾಯ. ಭಾನುವಾರನೇ ಕೊಡೋಣ ಅಂತ ತಂದಿದ್ದೆ. ಓದಿ."

ಅವಳು ಮೆಟ್ಟಿಲ ಮೇಲೆಯೇ ಕೂತು ಭೂತಗನ್ನಡಿ ತೆಗೆದಳು. ಈ ಸಲ ಮೊದಲ ಸಾಲಿನಿಂದ ಶುರುಮಾಡಿದಳು. ಒಬ್ಬರು ದಾಟಿಹೋದರು, ಇನ್ನೊಬ್ಬರು ದಾಟಿಹೋದರು. ಅವಳು ತಲೆ ಎತ್ತಲಿಲ್ಲ.

"ನನಗಿಂತ ಕಡಿಮೆ ಇದೆ!"

"ಹೌದು."

"ಇಲ್ಲಿ ಹದಿನಾರು ತಿಂಗಳು ಕಂತೇ ಇಲ್ಲ. ನನಗೆ ಒಂದು ತಿಂಗಳೂ ತಪ್ಪಿಸಬೇಡಿ ಅಂತ ಬುದ್ಧಿ ಹೇಳಿದೋರು!"

"ಅಮ್ಮ ಆಸ್ಪತ್ರೆಯಲ್ಲಿದ್ರು."

"ಇಲ್ಲಿ ಒಂದಿಷ್ಟು ವಾಪಸ್ ತೆಗೆದಿದೀರ."

"ಅದು ಅಮ್ಮ ಹೋದ ತಿಂಗಳು."

ಅವಳ ಕೈ ನಿಂತಿತು. ಮತ್ತೆ ಓದಿದಳು. ಕೊನೆಯ ಹಾಳೆ, ಕೊನೆಯ ಸಾಲು. ತಾನು ಹೋದ ಮೇಲೆ ಹಣ ಯಾರಿಗೆ ಸೇರಬೇಕು ಎಂದು ಬರೆಯುವ ಜಾಗ. ಅಲ್ಲಿ ಏನೂ ಇರಲಿಲ್ಲ.

"ನಾಮಿನಿ ಹೆಸರು ಬರೀರಿ, ಬರೀರಿ ಅಂತ ಎಲ್ಲರ ಪ್ರಾಣ ತಿಂತೀರ. ನಮ್ಮತ್ತೆ ಹೆಸರು ಬರೆಯೋವರೆಗೂ ನನ್ನ ಬಿಡಲಿಲ್ಲ. ನಿಮ್ಮದು ಯಾಕೆ ಖಾಲಿ?"

ಅವನು ಕಿಟಕಿಯ ಹೊರಗೆ ನೋಡಿದ. "ಅಮ್ಮನ ಹೆಸರಿತ್ತು. ತೆಗೆಸಿದ ಮೇಲೆ... ಬರೆಯೋಕೆ ಯಾರೂ ನೆನಪಾಗಲಿಲ್ಲ."

ಅವಳಿಗೆ ಅಳು ಬಂದುಬಿಟ್ಟಿತು. ಮೂರು ವರ್ಷ ಮೊಸರು ಕಲಕಿದ್ದು ಇದಕ್ಕಾ? ಎದುರಿಗೆ ಕೂತವನು ಎಷ್ಟು ಒಂಟಿ ಎಂದು ಅಷ್ಟು ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಿದ್ದಳಾ? ಹಾಳೆಗಳನ್ನು ಜೋಪಾನವಾಗಿ ಮಡಚಿದಳು. ಕಣ್ಣೊರೆಸಿಕೊಂಡಳು. ಎದ್ದಳು.

"ಬನ್ನಿ ಮೇಲೆ."

"ಎಲ್ಲಿಗೆ?"

"ಬನ್ನಿ ಅಂದೆ!"

ಅಧಿಕಾರಿ ಊಟದ ಡಬ್ಬಿ ತೆರೆಯುತ್ತಿದ್ದವರು ಬೆಚ್ಚಿದರು.

"ಮೇಡಂ, ಒಂದು ಬಿಳಿ ಹಾಳೆ ಕೊಡಿ. ದೂರು ವಾಪಸ್ ತಗೋತಿದೀನಿ."

"ಕಾರಣ ಬರೀಬೇಕು. ನಿಮ್ಮದೂ, ಅವರದೂ."

"ಎರಡೂ ನಾನೇ ಬರೀತೀನಿ."

ನಿಂತೇ ಬರೆದಳು. ಅಧಿಕಾರಿ ಹಾಳೆಯನ್ನು ಕನ್ನಡಕದ ಹತ್ತಿರ ತಂದು ಜೋರಾಗಿಯೇ ಓದಿದರು.

"ದೂರು ಕೊಡುವಾಗ ನಾನು ಕಾಗದವನ್ನು ಪೂರ್ತಿ ಓದಿರಲಿಲ್ಲ. ತಪ್ಪು ನನ್ನದು. ಏಜೆಂಟರು ಹಣ ಕೇಳಿಲ್ಲ. ನನ್ನಿಂದ ಕಮಿಷನ್ ಪಡೆಯುತ್ತಾ ನನ್ನನ್ನು ಪ್ರೀತಿಸಲು ಅವರ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಕಮಿಷನ್ ಬಿಟ್ಟರು. ಇದಕ್ಕೆ ನನ್ನ..." ಅಧಿಕಾರಿ ನಿಲ್ಲಿಸಿದರು. ಕನ್ನಡಕ ಸರಿಮಾಡಿಕೊಂಡು ಮುಂದೆ ಓದಿದರು. "ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ."

ಅವನು ಗೋಡೆ ಹಿಡಿದು ನಿಂತುಬಿಟ್ಟ.

"ಅಮ್ಮಾ... ಇದನ್ನ ಫೈಲಿಗೆ ಹಾಕ್ಬೇಕಾ ನಾನು?"

"ಹಾಕಿ," ಎಂದಳು. ಮುಖ ಕೆಂಪಾಗಿತ್ತು, ಆದರೆ ಧ್ವನಿ ಗಟ್ಟಿಯಾಗಿತ್ತು. "ಹಾಗೇ ಆ ಡೈರೆಕ್ಟ್ ಫಾರಂ ಹೊಸದೊಂದು ಕೊಡಿ."

ಈ ಸಲ ಫಾರಂ ತುಂಬಿದವಳು ಅವಳೇ. 'ವರ್ಗಾವಣೆ', 'ಎಲ್ಲ ಯೂನಿಟ್‌ಗಳೂ'... ಆ ಚೌಕದ ಮುಂದೆ ಪೆನ್ನು ಒಂದು ಕ್ಷಣ ನಿಂತಿತು. ಸ್ಟೂಲಿನ ಮೇಲೆ ಕೂತ ಅಪ್ಪ ಕಣ್ಣ ಮುಂದೆ ಬಂದರು. ಅವರ ಸಹಿ ಪಡೆದವನು ಪ್ರತಿ ಸಲವೂ ಏನನ್ನಾದರೂ ತೆಗೆದುಕೊಂಡು ಹೋಗಿದ್ದ. ಗೋಡೆ ಹಿಡಿದು ನಿಂತ ಇವನಿಗೆ ಈ ಸಹಿಯಿಂದ ಹೋಗುವುದೇ ಹೊರತು ಬರುವುದೇನಿಲ್ಲ. ಗುರುತು ಹಾಕಿದಳು. ಸಹಿ ಮಾಡಿದಳು. ಠಪ್ಪನೆ ಮೊಹರು ಬಿತ್ತು.

ಹೊರಗೆ ಬಿಸಿಲು ಜೋರಾಗಿತ್ತು. ಇಬ್ಬರೂ ಪಕ್ಕಪಕ್ಕ ನಡೆದರು. ರಸ್ತೆ ದಾಟುವಾಗ ಅವಳೇ ಅವನ ತೋಳು ಹಿಡಿದಳು. ದಾಟಿದ ಮೇಲೂ ಬಿಡಲಿಲ್ಲ.

"ನನಗೆ ಭಯ ಆಗ್ತಿದೆ," ಎಂದಳು ಮೆಲ್ಲಗೆ.

"ಯಾಕೆ?"

"ನಿಮ್ಮನ್ನ ನಂಬಿಬಿಟ್ಟಿದೀನಿ."

ಅವನು ನಿಂತು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ. "ಆತುರ ಏನಿಲ್ಲ. ನಿಧಾನವಾಗಿ ನಂಬಿ."

"ನಿಧಾನವಾಗೇ ನಂಬಿದ್ದು ರೀ," ಎಂದಳು ಅವಳು, ಅಳುತ್ತಾ ನಗುತ್ತಾ. "ಮೂರು ವರ್ಷ ಹಿಡೀತು!"